ಗೆರೆಯಾಚೆಯ ಒಂದು ಸೆಂಟಿಮೀಟರ್

ಪ್ರತಿ ಶನಿವಾರ ಮಧ್ಯಾಹ್ನ ತಿಪಟೂರಿನ ಬಸ್ಸಿನಿಂದ ಬಿಳಿಗೆರೆಯಲ್ಲಿ ಇಳಿಯುವಾಗ ಪವಿತ್ರಾಳ ಕೈಯಲ್ಲಿ ಎರಡು ಚೀಲ ಇರುತ್ತಿದ್ದವು. ಒಂದರಲ್ಲಿ ಬಟ್ಟೆ ತುಂಡು, ಸೂಜಿ, ದಾರದ ಉಂಡೆ. ಇನ್ನೊಂದರಲ್ಲಿ ಹಳೆಯ ಟವಲಿನಲ್ಲಿ ಸುತ್ತಿದ ಮೂರು ಜಪಾನಿ ಹೊಲಿಗೆ ಪುಸ್ತಕ. ಮೊದಲನೆಯದನ್ನು ಅವಳು ಬಸ್ಸಿನಲ್ಲಿ ಕಾಲ ಬಳಿ ಇಟ್ಟರೂ ಇಟ್ಟಾಳು. ಎರಡನೆಯದು ಮಾತ್ರ ತೊಡೆ ಬಿಟ್ಟು ಇಳಿದದ್ದಿಲ್ಲ.

ಪುಸ್ತಕಗಳು ಅವಳಿಗೆ ಬಂದದ್ದು ಮೂರು ವರ್ಷದ ಹಿಂದೆ, ತುಮಕೂರಿನ ಚಿಕ್ಕಮ್ಮನಿಂದ. ಚಿಕ್ಕಮ್ಮನ ಮಹಡಿ ಮನೆಯಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಂದ ಜಪಾನಿ ಸಂಸಾರವೊಂದು ಬಾಡಿಗೆಗಿತ್ತು. ಅವರು ಊರಿಗೆ ಹೊರಟಾಗ ಎರಡು ಕೊಡೆ, ಒಂದು ಅನ್ನದ ಬಟ್ಟಲು ಮತ್ತು ಈ ಪುಸ್ತಕಗಳನ್ನು ಬಿಟ್ಟುಹೋದರು. ಪುಸ್ತಕದ ತುಂಬ ಬಟ್ಟೆಯ ಮೊಲ, ಕನ್ನಡಕದ ಚೀಲ, ಎಳೆಮಕ್ಕಳ ಅಂಗಿ, ಬೆರಳುದ್ದದ ಸೂಜಿದಿಂಬು. ಪುಟ ತಿರುವಿದರೆ ಸಾಕು, ಕೈ ತಾನೇ ಸೂಜಿ ಹುಡುಕುತ್ತಿತ್ತು. ಅಕ್ಷರ ಒಂದೂ ತಿಳಿಯದು. ಆದರೆ ಅಂಕಿ ನಮ್ಮ ಅಂಕಿಯೇ, ಅಳತೆ ಸೆಂಟಿಮೀಟರಿನದೇ. ತಿಪಟೂರಿನ ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವ ಪವಿತ್ರಾಳಿಗೆ ಅಷ್ಟೇ ಸಾಕಾಗಿತ್ತು.

ಅವಳು ಹೋಗುತ್ತಿದ್ದುದು ವಿಮಲಮ್ಮನ ಮನೆಗೆ. ಒಂಬತ್ತು ವರ್ಷದ ಹಿಂದೆ ಮಗ ಮಹಾಂತೇಶನ ಅಂಕಪಟ್ಟಿಗೆಂದು ಕಾಲೇಜಿಗೆ ಬಂದಿದ್ದ ವಿಮಲಮ್ಮ, ಪ್ರಯೋಗಾಲಯದ ಬಾಗಿಲಲ್ಲಿ ಕ್ರೋಶಾ ಹಾಕುತ್ತ ಕೂತವಳನ್ನು ಕಂಡು, ಬಂದ ಕೆಲಸ ಮರೆತು ಪಕ್ಕದಲ್ಲೇ ಸ್ಟೂಲು ಎಳೆದುಕೊಂಡಿದ್ದರು. ಅಂದಿನಿಂದ ಅವರು ಅವಳಿಗೆ ಅಕ್ಕ. ವಿಮಲಕ್ಕನ ಹೊಲಿಗೆ ಎಂದರೆ ಇರುವೆ ಸಾಲು. ಎಣಿಸಿದರೆ ಇಂಚಿಗೆ ಹನ್ನೆರಡು, ಹದಿಮೂರಾಗದು. ಆದರೆ ಚಿತ್ರ ನೋಡಿ ಅಳತೆ ತೆಗೆಯುವುದು ಅವರಿಗೆ ಆಗದ ಮಾತು. ಅದು ಪವಿತ್ರಾಳ ಪಾಲು. ಅವಳು ಮನೆಯಲ್ಲಿ ಕೂತು ಪುಸ್ತಕದ ನಕ್ಷೆಯನ್ನು ಹಳೆಯ ಪೇಪರಿನ ಮೇಲೆ ಬರೆದು, ಕತ್ತರಿಸಿ ತರುತ್ತಿದ್ದಳು. ವಿಮಲಕ್ಕ ಆ ಪೇಪರನ್ನು ಬಟ್ಟೆಯ ಮೇಲಿಟ್ಟು, ಅಂಚಿಗೆ ಸರಿಯಾಗಿ ಕತ್ತರಿ ಆಡಿಸಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಹೊಲಿಯುತ್ತಿದ್ದರು. ಎಲ್ಲವೂ ಪುಸ್ತಕದ ಚಿತ್ರದಂತೆಯೇ ಬರುತ್ತಿತ್ತು.

ಅದು ಹಾಗೆ ಬರುವುದರ ಗುಟ್ಟು ಪವಿತ್ರಾಳಿಗೆ ಮಾತ್ರ ಗೊತ್ತಿತ್ತು. ಪುಸ್ತಕ ಬಂದ ಹೊಸತರಲ್ಲಿ ಅವಳು ಮನೆಯಲ್ಲಿ ಒಬ್ಬಳೇ ಹೊಲಿದ ಕನ್ನಡಕದ ಚೀಲದೊಳಗೆ ಕನ್ನಡಕವೇ ಹೋಗಿರಲಿಲ್ಲ. ಸ್ಕೇಲಿಟ್ಟು ನೋಡಿದರೆ ಸುತ್ತಲೂ ಒಂದು ಸೆಂಟಿಮೀಟರ್ ಕಡಿಮೆ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಈ ಪುಸ್ತಕದಲ್ಲಿರುವುದು ಕತ್ತರಿಸುವ ಗೆರೆ ಅಲ್ಲ, ಹೊಲಿಯುವ ಗೆರೆ. ಒಳಗೆ ಮಡಿಚಿ ಹೋಗುವ ಬಟ್ಟೆಯನ್ನು ನಾವೇ ಆಚೆಗೆ ಬಿಟ್ಟುಕೊಳ್ಳಬೇಕು. ಅಂದಿನಿಂದ ತನ್ನ ಪೇಪರ್‌ಗಳಿಗೆಲ್ಲ ಸುತ್ತಲೂ ಒಂದು ಸೆಂಟಿಮೀಟರ್ ಸೇರಿಸಿಯೇ ತರುತ್ತಿದ್ದಳು. ವಿಮಲಕ್ಕನಿಗೆ ಹೇಳಬಾರದೆಂದೇನೂ ಇರಲಿಲ್ಲ. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಆಮೇಲೆ ಹೇಳದೆ ಇಟ್ಟುಕೊಂಡದ್ದೇ ಒಂದು ಸುಖವಾಯಿತು.

ಹೊಲಿಗೆಯಷ್ಟೇ ಮುಖ್ಯವಾದದ್ದು ತಿಂಡಿ. ಕೊಬ್ಬರಿ ಮನೆಯಲ್ಲಿ ಕೊಬ್ಬರಿಗೆ ಬರವೇ? ಅಟ್ಟದ ಮೇಲೆ ಹತ್ತು ತಿಂಗಳಿಂದ ಒಣಗುತ್ತಿರುವ ಕಾಯಿ. ಅದರ ಕೆಳಗಿನ ಪಡಸಾಲೆಯಲ್ಲಿ ಇವರ ಚಾಪೆ. ವಿಮಲಕ್ಕ ಕೊಬ್ಬರಿ ಮಿಠಾಯಿ ಮಾಡಿದ ದಿನ, ಬಾಣಲೆಯ ತಳದಲ್ಲಿ ಕೆಂಪಗೆ ಹಿಡಿದದ್ದನ್ನು ಕೆರೆದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು. ಆ ಚೂರು ಮನೆಯ ಬೇರೆ ಯಾರಿಗೂ ಇಲ್ಲ. ಪವಿಗೆ.

ಈ ಶನಿವಾರಗಳ ನಡುವೆ ಬಂದು ಕೂತವಳು ಗಾನವಿ.

ಹುಳಿಯಾರು ಕಡೆಯ ಹುಡುಗಿ. ಪಶುವೈದ್ಯೆ. ವಿಮಲಕ್ಕನ ಹಿತ್ತಲ ಮನೆಗೆ ಬಾಡಿಗೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೊದಲ ಶನಿವಾರ ಬಾಗಿಲಲ್ಲೇ ನಿಂತು, "ಆಂಟಿ, ನಾನೂ ಕಲೀಬೋದಾ?" ಎಂದಿದ್ದಳು.

"ಎಮ್ಮೆ ಹೊಟ್ಟೆ ಹೊಲಿಯೋ ಕೈಗೆ ಮೊಲ ಹೊಲಿಯೋದು ಯಾವ ಲೆಕ್ಕ, ಬನ್ನಿ ಡಾಕ್ಟ್ರೇ," ಎಂದು ವಿಮಲಕ್ಕ ಚಾಪೆಯ ಮೇಲೆ ಜಾಗ ಬಿಟ್ಟರು. ಜಾಗ ಬಿಡಲು ಸರಿದದ್ದು ಪವಿತ್ರಾ.

ಎರಡನೆಯ ಶನಿವಾರ 'ಆಂಟಿ' ಹೋಗಿ 'ಅಕ್ಕ' ಆಗಿತ್ತು. ಮೂರನೆಯ ಶನಿವಾರ ವಿಮಲಕ್ಕನ ಬಾಯಲ್ಲಿ 'ಡಾಕ್ಟ್ರೇ' ಹೋಗಿ 'ಏನ್ ಕಣೇ' ಬಂತು. ಪವಿತ್ರಾ ಮನಸ್ಸಿನಲ್ಲೇ ಎಣಿಸಿದಳು. ತನಗೆ ಆ 'ಕಣೇ' ಸಿಗಲು ಒಂದೂವರೆ ವರ್ಷ ಹಿಡಿದಿತ್ತು.

ಅದೂ ಹೋಗಲಿ ಎಂದರೆ, ಆ ಹುಡುಗಿಯ ಫೋನು. ಪುಟದ ಮೇಲೆ ಹಿಡಿದರೆ ಜಪಾನಿ ಅಕ್ಷರಗಳೆಲ್ಲ ಕನ್ನಡವಾಗಿ ಕುಣಿಯುತ್ತಿದ್ದವು. "ಅಕ್ಕ, ಕೇಳಿ ಇಲ್ಲಿ. ಮೊಲದ ಆತ್ಮವನ್ನು ಹತ್ತಿಯಿಂದ ತುಂಬಿಸಿ, ಪ್ರೀತಿಯಿಂದ ಬಾಯಿ ಮುಚ್ಚಿ!"

"ನಮ್ಮನೆಯೋರ್ಗೂ ಹಂಗೇ ಮಾಡ್ಬೇಕಿತ್ತು ಕಣೇ," ಎಂದು ವಿಮಲಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಪವಿತ್ರಾ ಕೂಡ ನಕ್ಕಳು. ಒಳಗೆ ಮಾತ್ರ ಯಾರೋ ಹಸಿ ಮೆಣಸಿನಕಾಯಿ ಕಿವುಚಿದ ಹಾಗಿತ್ತು. ಮೂರು ವರ್ಷ ಈ ಪುಸ್ತಕಗಳಿಗೆ ಬಾಯಿ ಆಗಿದ್ದವಳು ತಾನು. ಈಗ ಪುಸ್ತಕಕ್ಕೆ ಬೇರೆ ಬಾಯಿ ಬಂದಿತ್ತು. ಅದು ನಗಿಸುತ್ತಲೂ ಇತ್ತು. ಆ ದಿನ ಸ್ಟೀಲ್ ಡಬ್ಬಿ ಅವಳ ಕೈಗೆ ಬರುವ ಹೊತ್ತಿಗೆ ಅರ್ಧ ಖಾಲಿಯಾಗಿತ್ತು.

"ಗಾನವಿಗೂ ಇದು ಅಂದ್ರೆ ಪ್ರಾಣ ಅಂತೆ ಕಣೇ ಪವಿ," ಎಂದರು ವಿಮಲಕ್ಕ, ಏನೋ ಒಳ್ಳೆಯ ಸುದ್ದಿ ಹೇಳುವವರಂತೆ.

ಮಹಾಂತೇಶನ ಮಗಳಿಗೆ ಒಂದು ವರ್ಷ ತುಂಬುವುದಿತ್ತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಪುಸ್ತಕದಲ್ಲಿದ್ದ ಮುಂಗುಂಡಿಯ ತೋಳಿಲ್ಲದ ಅಂಗಿ ಹೊಲಿಯಬೇಕೆಂದು ವಿಮಲಕ್ಕನ ಆಸೆ. ಅದಕ್ಕೆ ಬಟ್ಟೆಯೆಂದು ಪೆಟ್ಟಿಗೆಯಿಂದ ತೆಗೆದದ್ದು ತೀರಿಹೋದ ಅವ್ವನ ಮೊಳಕಾಲ್ಮೂರು ಸೀರೆ. ಒಡಲೆಲ್ಲ ಪಿಸಿದುಹೋಗಿ ಗಟ್ಟಿಯಾಗಿ ಉಳಿದಿದ್ದದ್ದು ಸೆರಗೊಂದೇ.

ಆ ವಾರ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಪೇಪರ್ ಬರೆಯಲು ತನಗೆ ಬಿಡುವಿಲ್ಲ ಎಂದು ಪವಿತ್ರಾ ಹೇಳಿದ್ದಳು, ವಿಮಲಕ್ಕ "ಕಾಯ್ತೀವಿ ಬುಡು" ಎನ್ನುತ್ತಾರೆಂದು. ಅವರು ಹಾಗೆನ್ನಲಿಲ್ಲ. "ಹಂಗಾರೆ ಪುಸ್ತಕ ಇಲ್ಲೇ ಇಟ್ಟೋಗು, ಗಾನವಿ ಬರ್ಕೊಂತಾಳೆ," ಎಂದರು. ಟವಲು ಬಿಚ್ಚಿ ಆ ಪುಸ್ತಕವೊಂದನ್ನು ಕೊಟ್ಟು ಬಂದ ದಿನ ಬಸ್ಸಿನಲ್ಲಿ ಅವಳ ತೊಡೆ ಹಗುರಾಗಿತ್ತು, ಉಳಿದದ್ದೆಲ್ಲ ಭಾರ.

ಮುಂದಿನ ಶನಿವಾರ ಅವಳು ಬರುವಷ್ಟರಲ್ಲಿ ಸೆರಗು ಚಾಪೆಯ ಮೇಲೆ ಹರಡಿತ್ತು. ಮೇಲೆ ಗಾನವಿ ಬರೆದು ಕತ್ತರಿಸಿದ ಪೇಪರ್. ಬೆನ್ನಿನದೊಂದು, ಎದೆಯವು ಎರಡು. ವಿಮಲಕ್ಕನ ಬಲಗೈಯಲ್ಲಿ ಕತ್ತರಿ.

"ಬಂದ್ಯಾ, ಸರಿಯಾದ ಹೊತ್ತಿಗೆ ಬಂದೆ. ನೀನೊಂದ್ಸಲ ನೋಡ್ಬುಡು ಪವಿ. ನಂಗ್ಯಾಕೋ ಸಣ್ಣ ಅನ್ನುಸ್ತೈತೆ."

ಪವಿತ್ರಾ ಮಂಡಿಯೂರಿ ಸ್ಕೇಲ್ ತೆಗೆದಳು. ಪುಸ್ತಕದ ಅಂಕಿ ನೋಡಿದಳು, ಪೇಪರ್ ನೋಡಿದಳು. ಹುಡುಗಿ ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆದಿದ್ದಳು. ಗೆರೆಯ ಮೇಲೇ ಕತ್ತರಿಸಿದ್ದಳು. ಸುತ್ತಲೂ ಇರಬೇಕಾದ ಆ ಒಂದು ಸೆಂಟಿಮೀಟರ್ ಎಲ್ಲೂ ಇರಲಿಲ್ಲ. ಮೊಲದ ಆತ್ಮ ಬಲ್ಲ ಫೋನಿಗೂ ಅದು ತಿಳಿದಿರಲಿಲ್ಲ. ಒಂದು ಮಾತು ಆಡಿದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಗಾನವಿ ಬಾಯಿಗೆ ಏನೋ ಹಾಕಿಕೊಂಡು ಕಟಕಟ ಕಡಿದಳು. ಪವಿತ್ರಾ ತಿರುಗಿದಳು. ಸ್ಟೀಲ್ ಡಬ್ಬಿ ಗಾನವಿಯ ಮಡಿಲಲ್ಲಿತ್ತು.

"ಪುಸ್ತಕದಲ್ಲಿರೋ ಅಳತೆನೇ ಅಕ್ಕ," ಎಂದಳು ಪವಿತ್ರಾ. "ಎಳ್ಳಷ್ಟೂ ವ್ಯತ್ಯಾಸ ಇಲ್ಲ."

ಅದು ಸುಳ್ಳಾಗಿರಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಅವಳು ಅದನ್ನೇ ತನಗೆ ತಾನು ಹೇಳಿಕೊಂಡಳು. ಕತ್ತರಿ ರೇಷ್ಮೆಯಲ್ಲಿ ಕರ್‌ ಎಂದು ಹೋಗುತ್ತಿದ್ದಾಗ ಲೋಟದ ತಳವನ್ನೇ ನೋಡುತ್ತ ಕೂತಳು.

ವಾರವಿಡೀ ಅವಳು ಕಾದಳು. ಅಂಗಿ ಚಿಕ್ಕದಾಗುತ್ತದೆ. ಅಕ್ಕ ಫೋನ್ ಮಾಡುತ್ತಾರೆ. 'ನೀನಿಲ್ದೆ ಆಗಲ್ಲ ಕಣೇ ಪವಿ' ಎನ್ನುತ್ತಾರೆ. ಪ್ರಯೋಗಾಲಯದ ತಕ್ಕಡಿ ಒರೆಸುವಾಗಲೂ ಆ ಮಾತನ್ನು ವಿಮಲಕ್ಕನ ದನಿಯಲ್ಲೇ ಕೇಳಿಸಿಕೊಂಡಳು. ಫೋನು ಬರಲಿಲ್ಲ.

ಶನಿವಾರ ಹೋದಾಗ ಅಂಗಿ ಸಿದ್ಧವಾಗಿತ್ತು. ಕೆಂಪು ರೇಷ್ಮೆ, ಜರಿಯಂಚು ಸರಿಯಾಗಿ ಕೆಳಗೆ ಬಂದಿತ್ತು, ವಿಮಲಕ್ಕನ ಇರುವೆ ಸಾಲು. ಮಗುವಿನ ತೋಳು ತೂರಿಸಿದರು. ಮುಂದೆ ಎಳೆದರೆ ಗುಂಡಿಗೂ ಕಾಜಾಕ್ಕೂ ನಡುವೆ ಮಗುವಿನ ಹೊಟ್ಟೆ ಇಣುಕುತ್ತಿತ್ತು. ಇನ್ನೊಮ್ಮೆ ಎಳೆದರು. ಮಗು ಕಿಟಾರನೆ ಕಿರುಚಿತು.

ಗಾನವಿಯ ಮುಖ ಸುಣ್ಣವಾಯಿತು. "ನಾನೇ ಕೆಡ್ಸಿದೆ ಅಕ್ಕ. ನಿಮ್ಮವ್ವನ ಸೀರೆ," ಎಂದವಳೇ ಅಳತೊಡಗಿದಳು. ಕರು ಹಾಕಲಾಗದ ಹಸುವಿನ ಹೊಟ್ಟೆಗೆ ಮೊಣಕೈತನಕ ಕೈ ಹಾಕುವ ಹುಡುಗಿ, ಮಗುವಿಗಿಂತ ಜೋರಾಗಿ ಅತ್ತಳು. ವಿಮಲಕ್ಕ ಮಗುವನ್ನು ಸೊಸೆಯ ಕೈಗೆ ಕೊಟ್ಟು ಅವಳನ್ನು ಎಳೆದು ತಬ್ಬಿಕೊಂಡರು. "ಬುಡೇ, ಬಟ್ಟೆ ತಾನೇ. ನಮ್ಮವ್ವ ಇದ್ದಿದ್ರೆ ನಿಂಗೆ ಇನ್ನೊಂದ್ ಸೀರೆ ಕೊಟ್ಟು ಕಲಿ ಅಂತಿದ್ಲು."

ಪವಿತ್ರಾ ನಿಂತೇ ಇದ್ದಳು. ಒಂಬತ್ತು ವರ್ಷದಲ್ಲಿ ವಿಮಲಕ್ಕ ತನ್ನನ್ನು ಹೀಗೆ ತಬ್ಬಿಕೊಂಡದ್ದಿಲ್ಲ. ತಾನು ಅವರ ಮುಂದೆ ಹೀಗೆ ಸೋತು ಅತ್ತದ್ದೂ ಇಲ್ಲ. ಕೆಟ್ಟದ್ದರಲ್ಲೂ ಈ ಹುಡುಗಿಗೇ ಲಾಭವಾಯಿತಲ್ಲ ಎಂಬ ಉರಿಗೆ, ಸದ್ಯ ತನ್ನ ಕಡೆ ಯಾರಾದರೂ ನೋಡಲಿ ಎಂಬ ಆತುರಕ್ಕೆ, ಮಾತು ತಾನಾಗಿ ಹೊರಬಂತು.

"ಅಳಬೇಡಿ, ಸರಿ ಮಾಡ್ಬೋದು. ಸುತ್ತಳತೆ ಆರು ಸೆಂಟಿಮೀಟರ್ ಕಮ್ಮಿ ಆಗೈತೆ ಅಷ್ಟೇ. ಪಕ್ಕದ ಹೊಲಿಗೆಗಳಲ್ಲಿ ಎರಡೆರಡು, ಮುಂದೆ ಗುಂಡಿ ಕಡೆ ಒಂದೊಂದು. ಎರಡೂ ಪಕ್ಕ ಮೂರು ಸೆಂಟಿಮೀಟರಿನ ಪಟ್ಟಿ ಕೂರ್ಸಿದ್ರೆ ಕೂತ್ಕೊಳುತ್ತೆ."

ವಿಮಲಕ್ಕ ಗಾನವಿಯ ಬೆನ್ನಿನ ಮೇಲಿಂದ ಅವಳನ್ನೇ ನೋಡಿದರು. ಆಮೇಲೆ ಮೂಲೆಯ ಹೊಲಿಗೆ ಡಬ್ಬಿ ನೋಡಿದರು. ಅದರ ಮುಚ್ಚಳ ಹಾಕಿಯೇ ಇತ್ತು.

"ಟೇಪು ಇನ್ನೂ ಡಬ್ಬಿಯೊಳಗೇ ಐತೆ," ಎಂದರು ನಿಧಾನವಾಗಿ. "ಅಂಗಿ ಮುಟ್ಟೇ ಇಲ್ಲ ನೀನು. ಆರು ಅಂತ ಹೆಂಗ್ ಹೇಳ್ದೆ?"

ಅಟ್ಟದ ಮೇಲೆ ಇಲಿ ಹಾಯ್ದಿರಬೇಕು, ಒಣಗಿದ ಕಾಯೊಂದು ಉರುಳಿ ಒಳಗಿನ ಕೊಬ್ಬರಿ ಗಿಟುಕು ಲೊಟಲೊಟ ಎಂದಿತು. ಪವಿತ್ರಾ ಅತ್ತ ನೋಡಿದಳು. ವಿಮಲಕ್ಕ ನೋಡಲಿಲ್ಲ.

"ಪುಸ್ತಕದ ಗೆರೆ ಹೊಲಿಯೋ ಗೆರೆ ಅಕ್ಕ. ಕತ್ತರಿಸೋಕೆ ಒಂದು ಸೆಂಟಿಮೀಟರ್ ಆಚೆ ಬಿಡ್ಬೇಕು. ನಾನು ಪೇಪರಲ್ಲೇ ಬಿಟ್ಟು ತರ್ತಿದ್ದೆ."

"ಅವತ್ತು ಗೊತ್ತಿತ್ತಾ? ನಾನು ಕತ್ತರಿ ಹಿಡ್ಕಂಡು ಕೇಳಿದಾಗ?"

"ಗೊತ್ತಿತ್ತು."

ಗಾನವಿ ಮುಖ ಒರೆಸಿಕೊಂಡು ಎದ್ದಳು. "ಸ್ಕೇಲ್ ಇಟ್ಟು ನೋಡಿದ್ರಲ್ಲ ಮೇಡಂ ನೀವು! ಒಂದು ವಾರ ಅಕ್ಕನ ಕೈಲಿ ಹೊಲಿಸ್ಕೊಂಡು... ನಾನು ಏನ್ ಮಾಡಿದ್ದೆ ನಿಮಗೆ?"

ಅದಕ್ಕೆ ಪವಿತ್ರಾಳ ಬಳಿ ಉತ್ತರವಿತ್ತು. ಡಬ್ಬಿ, 'ಕಣೇ', ಚಾಪೆಯ ಜಾಗ. ಒಂದೊಂದನ್ನೂ ತಾರೀಖಿನ ಸಮೇತ ಹೇಳಬಲ್ಲಳು. ಬಾಯಿಬಿಟ್ಟರೆ ಅವು ಎಷ್ಟು ಸಣ್ಣವಾಗಿ ಕೇಳಿಸುತ್ತವೆ ಎಂದು ಆಗ ತಿಳಿಯಿತು. "ನೀವೇನೂ ಮಾಡ್ಲಿಲ್ಲ," ಎಂದಳು. "ಹೊಟ್ಟೆಕಿಚ್ಚು ನಂದು."

"ನಮ್ಮವ್ವನ ಸೀರೆ ಕಣೇ ಪವಿ," ಎಂದರು ವಿಮಲಕ್ಕ. ಅಷ್ಟೇ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪವಿತ್ರಾ ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ ಹೊರಟೆ? ಸೋಮವಾರ ಮಗು ಹುಟ್ಟಿದಬ್ಬ. ಕೂತ್ಕ. ಪೇಪರ್ ಇಲ್ಲೇ ಐತೆ, ಇಲ್ಲೇ ಬರಿ, ನಮ್ಮಿಬ್ರ ಮುಂದೇನೇ. ಇನ್ಮೇಲೆ ಮನೇಲಿ ಬರ್ಕಂಡು ಬರೋದು ಬ್ಯಾಡ."

ಅವಳು ಕೂತು ಬರೆದಳು. ಮೂರು ಸೆಂಟಿಮೀಟರ್ ಪಟ್ಟಿಗೆ ಐದು ಕತ್ತರಿಸಬೇಕು, ಏಕೆಂದರೆ ಎರಡೂ ಅಂಚಿಗೆ ಒಂದೊಂದು ಒಳಗೆ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿದಳು. ಗಾನವಿ ಬಗ್ಗಿ ನೋಡಿದಳು, ತನ್ನ ಕೈಬರಹದಲ್ಲಿ ಬರೆದುಕೊಂಡಳು. ವಿಮಲಕ್ಕ ಹಸಿರು ಬಟ್ಟೆಯಲ್ಲಿ ಪಟ್ಟಿ ಕತ್ತರಿಸಿ, ಪಕ್ಕದ ಹೊಲಿಗೆ ಬಿಚ್ಚಿ ಕೂರಿಸಿದರು. ಕೆಂಪಿನ ನಡುವೆ ಹಸಿರು ಎದ್ದು ಕಾಣುತ್ತಿತ್ತು. ಸಂಜೆಗೆ ಗುಂಡಿ ಕಾಜಾ ಸೇರಿತು.

ಆಗ ವಿಮಲಕ್ಕ ಒಳಗಿನಿಂದ ಬಾಣಲೆಯನ್ನೇ ತಂದು ಪವಿತ್ರಾಳ ಮುಂದೆ ಇಟ್ಟರು. ತಳದಲ್ಲಿ ಕೊಬ್ಬರಿ ಮಿಠಾಯಿ ಕೆಂಪಗೆ ಹಿಡಿದಿತ್ತು. ಪಕ್ಕಕ್ಕೆ ಮಗುಚುವ ಸೌಟನ್ನು ಎಸೆದರು. "ನೀನೇ ಕೆರಿ. ಮೂರು ಪಾಲು ಮಾಡು. ಅಳತೆ ಬಲ್ಲೋಳಲ್ವೇ ನೀನು. ಹಂಚೋಳು ಕೊನೇಲಿ ತಗೋಬೇಕು."

ಪವಿತ್ರಾ ಕೆರೆದಳು. ಮೂರು ತಟ್ಟೆಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಎಷ್ಟು ಮಾಡಿದರೂ ಒಂದು ಪಾಲಿನಲ್ಲಿ ಅಂಚಿನ ಗರಿಗರಿ ಚೂರೊಂದು ಹೆಚ್ಚಾಗಿಯೇ ಉಳಿಯಿತು. ಗಾನವಿ ಕೈ ಚಾಚಿ, ಒಂದು ಕ್ಷಣವೂ ಯೋಚಿಸದೆ, ಆ ತಟ್ಟೆಯನ್ನೇ ಎತ್ತಿಕೊಂಡಳು.

ಪವಿತ್ರಾಳ ಕಣ್ಣು ಆ ತಟ್ಟೆಯ ಹಿಂದೆಯೇ ಹೋಯಿತು.

"ಅವಳ ತಟ್ಟೆ ನೋಡ್ಬ್ಯಾಡ," ಎಂದರು ವಿಮಲಕ್ಕ, ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ. "ನಿಂದು ತಿನ್ನು."