ಹಳೆಯ ಹೆಸರಿನ ಡೈರೆಕ್ಟರಿ

"ಮತ್ತೆ ಅದೇ! ಅಂಥ ಫೈಲೇ ಇಲ್ಲ ಅಂತಿದೆ," ಎಂದು ಮಧುಸೂದನ್ ಕೀಬೋರ್ಡ್ ಕುಟ್ಟಿದರು.

ಚಾಮರಾಜಪೇಟೆಯ ಆ ಪಂಚಾಂಗದ ಪ್ರೆಸ್ಸಿಗೆ ರಂಗನಾಯಕಿ ಕಾಲಿಡದೆ ಎಂಟು ತಿಂಗಳಾಗಿತ್ತು. ತಿಥಿ, ನಕ್ಷತ್ರ, ಗ್ರಹಣಗಳ ಗಣಿತವನ್ನೆಲ್ಲ ಅಲ್ಲಿನ ಯುನಿಕ್ಸ್ ಕಂಪ್ಯೂಟರಿಗೆ ಕೂರಿಸಲು ಅವಳು ಏಳು ವರ್ಷ ಸವೆಸಿದ್ದಳು. ಮುಖಪುಟದಲ್ಲಿ ಗಣಿತಕರ್ತರೆಂದು ಮಾಲೀಕ ಮಧುಸೂದನ್ ತಮ್ಮ ಹೆಸರು ಹಾಕಿಕೊಂಡರು. ಕೇಳಿದ್ದಕ್ಕೆ, "ಹೆಂಗಸಿನ ಹೆಸರಿದ್ರೆ ಪಂಚಾಂಗ ಯಾರಮ್ಮ ಕೊಳ್ತಾರೆ?" ಎಂದು ನಕ್ಕು, ಮರುದಿನವೇ ಅವಳನ್ನು ಕೆಲಸದಿಂದ ತೆಗೆದರು. ಆ ನಗುವನ್ನು ಅವಳು ಇನ್ನೂ ಮರೆತಿರಲಿಲ್ಲ.

ಈಗ ಹಳೆಯ ಡಿಸ್ಕ್ ಕೆಟ್ಟು, ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ್ದರು. ಹಾಗೆ ಸಾಗಿಸುವಾಗ ಮಧುಸೂದನ್ ಒಂದು ಜಾಣತನ ಮಾಡಿದ್ದರು. ಫೈಲುಗಳನ್ನೆಲ್ಲ ಇಟ್ಟಿದ್ದ ‘ರಂಗನಾಯಕಿ’ ಎಂಬ ಡೈರೆಕ್ಟರಿಗೆ ತಮ್ಮ ಹೆಸರಿಟ್ಟಿದ್ದರು. ಪ್ರೋಗ್ರಾಮುಗಳಿಗೆ ಅದೇನು ಗೊತ್ತು? ಒಳಗೆ ಬರೆದಿದ್ದ ಹಳೆಯ ವಿಳಾಸ ಹಿಡಿದು ಅವಳನ್ನೇ ಹುಡುಕುತ್ತಿದ್ದವು. ಯುಗಾದಿ ಪಂಚಾಂಗ ನಾಳೆ ಅಚ್ಚಿಗೆ ಹೋಗದಿದ್ದರೆ ಈ ವರ್ಷದ ಮಾರಾಟವೆಲ್ಲ ಬಳೇಪೇಟೆಯ ಪಂಚಾಂಗದವರ ಪಾಲು. ವಿಧಿಯಿಲ್ಲದೆ ಬೆಳಿಗ್ಗೆ ಅವಳಿಗೆ ಫೋನು ಮಾಡಿ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ಏನಾದ್ರೂ ಮಾಡಮ್ಮ."

ಒಂದೇ ಸಾಲು ಸಾಕಿತ್ತು. ಹಳೆಯ ಹೆಸರಿನಿಂದ ಹೊಸ ಜಾಗಕ್ಕೊಂದು ಲಿಂಕ್ ಹಾಕಿದರೆ ಅರೆನಿಮಿಷದಲ್ಲಿ ಎಲ್ಲವೂ ಓಡುತ್ತಿತ್ತು. ರಂಗನಾಯಕಿ ಕೈಕಟ್ಟಿಕೊಂಡು ಕೂತಳು.

"ನೂರ ನಲವತ್ತು ಫೈಲಿದೆ ಸಾರ್. ಒಂದೊಂದನ್ನೂ ತೆಗೆದು, ನನ್ನ ಹೆಸರು ಅಳಿಸಿ, ನಿಮ್ಮದು ಹಾಕ್ಬೇಕು."

"ನೀನೇ ಮಾಡ್ಬಿಡಮ್ಮ."

"ನನ್ನ ಹೆಸರನ್ನ ನಾನೇ ಅಳಿಸ್ಲಾ?"

ಅವರು ಮುಖ ಒರೆಸಿಕೊಂಡರು. "ಬೇರೆ ಉಪಾಯ ಇಲ್ವಾ?"

"ಇಲ್ಲ." ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಖುಷಿಯಾಯಿತು. "ಜೋರಾಗಿ ಓದ್ಕೊಂಡು ಮಾಡಿ. ಯಾವುದೂ ಬಿಟ್ಟುಹೋಗಲ್ಲ."

ಮಧುಸೂದನ್ ಒಂದೇ ಬೆರಳಲ್ಲಿ ಶುರುಮಾಡಿದರು. "ರಂಗನಾಯಕಿ... ತೆಗೆದೆ. ರಂಗನಾಯಕಿ... ತೆಗೆದೆ." ಪ್ರತಿ ಸಲವೂ ಅವಳ ಎದೆ ಚುಳ್ಳೆನ್ನುತ್ತಿತ್ತು, ಪ್ರತಿ ಸಲವೂ ಹಾಯೆನಿಸುತ್ತಿತ್ತು. ನಲವತ್ತು ಫೈಲಾಗುವ ಹೊತ್ತಿಗೆ ಅವರ ದನಿ ಕೂತುಹೋಗಿತ್ತು.

ಹಜಾರದಲ್ಲಿ ಲಗ್ನಪತ್ರಿಕೆ ಮಡಿಸುತ್ತಿದ್ದ ನಂಜಪ್ಪ ಬಾಗಿಲಿಗೆ ಬಂದ. "ಯಾಕ್ ಸ್ವಾಮಿ, ಆಯಮ್ಮನ್ನ ಅಷ್ಟೊಂದ್ಸಲ ಕರೀತಿದೀರಾ? ಪಕ್ಕದಲ್ಲೇ ಕೂತವ್ರಲ್ಲ!"

ಮಧುಸೂದನ್ ತಲೆಯೆತ್ತಲಿಲ್ಲ. "ರಂಗನಾಯಕಿ," ಎಂದರು, ತುಟಿಯೊಳಗೇ.

"ಕೇಳಿಸ್ಲಿಲ್ಲ ಸಾರ್," ಎಂದಳು.

ಹಜಾರದಲ್ಲಿ ಉಳಿದವರ ಕಾಗದದ ಸದ್ದೂ ನಿಂತಿತ್ತು. ರಂಗನಾಯಕಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.