ಬಿಚ್ಚದ ಗಂಟು

ಕೋರ್ಟಿನ ಅಧಿಕಾರಿ ನಖ್ಲಾ ಎಫೆಂದಿ ಆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದಾಗ ವಸೀಲಾಳ ಕಣ್ಣಿಗೆ ಮೊದಲು ಬಿದ್ದದ್ದು ಅದರ ಮೇಲಿನ ಕೆಂಪು ಅರಗು. ನೀಲಿ ಅಂಚಿನ ತಲೆವಸ್ತ್ರ ಅದು. ನಾಲ್ಕು ಮೂಲೆ ಸೇರಿಸಿ, ಹಲ್ಲಿನಿಂದ ಕಚ್ಚಿ ಬಿಗಿದು ಕಟ್ಟಿದ್ದು. ಅದರ ನೆತ್ತಿಗೇ ಯಾರೋ ಬಿಸಿ ಅರಗು ಸುರಿದು ಕೋರ್ಟಿನ ಮುದ್ರೆ ಒತ್ತಿದ್ದರು.

"ಇದು ನಿನ್ನದಾ, ತಾಯಿ?"

"ನಾನೇ ತಂದಿಟ್ಟದ್ದು."

"ಒಳಗೇನಿದೆ?"

"ಗೊತ್ತಿಲ್ಲ."

ಬ್ಯಾಂಕಿನ ಹಜಾರದಲ್ಲಿ ನಿಂತಿದ್ದವರೆಲ್ಲ ನಕ್ಕರು. ಅವರು ಹಾಗೆ ನಗದೆ ಬಹಳ ದಿನವಾಗಿತ್ತು. ಅಲೆಕ್ಸಾಂಡ್ರಿಯಾದಲ್ಲಿ ಷೇರು ಪೇಟೆ ಬಿದ್ದ ಸುದ್ದಿ ಹತ್ತಿಯ ದೋಣಿಗಳ ಜೊತೆ ನದಿಯ ಮೇಲೆ ಈ ಕಫ್ರ್ ಬದ್ರಾನ್ ಊರಿಗೂ ಬಂದಿತ್ತು; ಆ ಸುದ್ದಿ ಕೇಳಿ ಹಾಸಿಗೆ ಹಿಡಿದ ಬ್ಯಾಂಕಿನ ಯಜಮಾನ ಖವಾಜಾ ಸ್ತಮಾತಿ ಮತ್ತೆ ಏಳಲಿಲ್ಲ. ಈಗ ಕೋರ್ಟು ಕಳಿಸಿದ ನಖ್ಲಾ ಎಫೆಂದಿ ಮೇಜು, ಕುರ್ಚಿ, ಗೋಡೆಯ ಗಡಿಯಾರದವರೆಗೆ ಎಲ್ಲವನ್ನೂ ಮಾರಿ, ಬಂದದ್ದನ್ನು ಹಣ ಇಟ್ಟವರಿಗೆ ಹಂಚುತ್ತಿದ್ದ. ಇಟ್ಟದ್ದರಲ್ಲಿ ಕಾಲುಭಾಗ ಕೈಗೆ ಬಂದರೆ ಪುಣ್ಯ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ. ಬಾತುಕೋಳಿ ಸಾಕಿ ಮಾರಿ ವಸೀಲಾ ಕೂಡಿಟ್ಟ ದುಡ್ಡೂ ಅದರಲ್ಲಿ ಹೋಗಿತ್ತು. ಅದಕ್ಕೆ ಅವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಬಾಯಿಗೆ ಬಂದದ್ದು ಬೈದು, ಕೊಟ್ಟದ್ದನ್ನು ಎಣಿಸಿಕೊಂಡಿದ್ದಳು. ಈ ಗಂಟಿನ ಮಾತು ಬೇರೆ. ಇದು ಅವಳದಲ್ಲ.

ಗಂಟು ಜನ್ನೂಬಾಳದು. ಪಕ್ಕದ ಮನೆಯವಳು, ಒಂದೇ ಒಲೆಯಲ್ಲಿ ಇಬ್ಬರೂ ರೊಟ್ಟಿ ಬೇಯಿಸಿಕೊಂಡು ಬಂದವರು. ಎರಡು ವರ್ಷದ ಹಿಂದೆ ಹಜ್ ಯಾತ್ರೆಗೆ ಹೊರಟಾಗ ಜನ್ನೂಬಾ ಈ ಗಂಟನ್ನು ವಸೀಲಾಳ ಮಡಿಲಿಗೆ ಹಾಕಿ, ನಾನು ಬಂದು ಕೇಳುವ ತನಕ ಯಾರಿಗೂ ಹೇಳಬೇಡ, ನನ್ನ ಅಳಿಯನಿಗಂತೂ ವಾಸನೆಯೂ ಹತ್ತಬಾರದು ಎಂದಿದ್ದಳು. ಒಳಗೇನಿದೆ ಎಂದು ವಸೀಲಾ ಕೇಳಲಿಲ್ಲ. ಆ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಡುವವರು ಇಡುತ್ತಿದ್ದರು, ಕಾಯುವವರು ಕಾಯುತ್ತಿದ್ದರು. ಯಾತ್ರೆಯ ಹಡಗು ವಾಪಸು ಬಂತು, ಜನ್ನೂಬಾ ಬರಲಿಲ್ಲ. ಸತ್ತಳೆಂದು ಹೇಳುವವರೂ ಬರಲಿಲ್ಲ. ಅಳಿಯ ಮಾತ್ರ ವಾಸನೆ ಹಿಡಿದು ಬಂದು, ವಸೀಲಾ ಸಂತೆಗೆ ಹೋಗಿದ್ದಾಗ ಅವಳ ಒಲೆಯ ಬುಡ ಅಗೆದು ಹೋದ. ಮಾರನೆಯ ದಿನವೇ ಅವಳು ಗಂಟನ್ನು ತಂದು ಸ್ತಮಾತಿಯ ಕೈಗೆ ಕೊಟ್ಟಿದ್ದಳು. ಬಡ್ಡಿ ಬೇಡ, ಬಿಚ್ಚಬೇಡ, ಎಣಿಸಬೇಡ ಎಂದಿದ್ದಳು. ಅವನು ನಕ್ಕು, ವಸೀಲಾಳ ಗಂಟು ಎಂದು ಒಂದು ಚೀಟಿ ಬರೆದು ಅದಕ್ಕೆ ಸಿಕ್ಕಿಸಿ, ತಿಜೋರಿಯ ಮೇಲಿನ ಮೂಲೆಯಲ್ಲಿಟ್ಟಿದ್ದ. ಕೊಟ್ಟ ಮಾತಿನಂತೆ ಮುಟ್ಟಿರಲಿಲ್ಲ. ಊರಿನ ಅರ್ಧ ದುಡ್ಡನ್ನು ಷೇರಿನಲ್ಲಿ ಸುಟ್ಟ ಮನುಷ್ಯ ಇದೊಂದನ್ನು ಹಾಗೇ ಉಳಿಸಿ ಹೋಗಿದ್ದ.

ಆ ಅಳಿಯ ಈಗ ಹಜಾರದ ಕಂಬಕ್ಕೊರಗಿ ನಿಂತು ಗಂಟನ್ನೇ ನೋಡುತ್ತಿದ್ದ. ವಸೀಲಾ ಜನ್ನೂಬಾಳ ಹೆಸರು ಹೇಳಿದ್ದರೆ ಸಾಕಾಗಿತ್ತು, ಗಂಟು ತನಗೆ ಸೇರಬೇಕೆಂದು ಅವನು ಮೇಜಿನ ಹತ್ತಿರ ಇರುತ್ತಿದ್ದ.

ನಖ್ಲಾ ಎಫೆಂದಿ ಕಾನೂನು ಬಿಡಿಸಿ ಹೇಳಿದ. ಬ್ಯಾಂಕಿಗೆ ಕೊಟ್ಟ ಹಣ ಎಲ್ಲರ ರಾಶಿಗೆ ಸೇರುತ್ತದೆ; ಕಾಯಲು ಕೊಟ್ಟ ವಸ್ತು ಕೊಟ್ಟವರಿಗೇ ಹೋಗುತ್ತದೆ. ಆದರೆ ಏನು ಕೊಟ್ಟೆ ಎಂದು ಹೇಳಬೇಕು, ಬಿಚ್ಚಿದಾಗ ಅದೇ ಇರಬೇಕು. ಹೇಳಲಾಗದಿದ್ದರೆ ಗಂಟೂ ರಾಶಿಗೆ. ಇನ್ನೊಂದೇ ದಾರಿ ಇತ್ತು: ಇಲ್ಲಿ ಸೇರಿದ, ಹಣ ಇಟ್ಟವರಲ್ಲಿ ಒಬ್ಬರೂ ಬೇಡ ಅನ್ನದಿದ್ದರೆ ಅವನು ಕಣ್ಣು ಮುಚ್ಚಿ ಕೊಟ್ಟುಬಿಡಬಹುದಿತ್ತು. ಅದನ್ನು ಹೇಳುವಾಗ ಅವನಿಗೇ ನಗು ಬಂತು. ಕಾಲುಭಾಗ ಕೈಗೆ ಬಂದವರು ಯಾರು ತಾನೆ ಸುಮ್ಮನಿರುತ್ತಾರೆ?

ಅವನು ಕೆಟ್ಟವನಲ್ಲ. ಬಗ್ಗಿ, ಅವಳಿಗಷ್ಟೇ ಕೇಳುವಂತೆ ಮಾತಾಡಿದ.

"ಒಳಕೋಣೆಗೆ ಬಾ. ನಾನು ಬಿಚ್ತೀನಿ, ನೀನು ಒಂದು ಸಲ ನೋಡ್ಕೊ. ಮತ್ತೆ ಕಟ್ತೀನಿ. ಹೊರಗೆ ಬಂದು ಏನಿತ್ತು ಅಂತ ಹೇಳಿಬಿಡು. ನನಗೂ ಮಧ್ಯಾಹ್ನದ ರೈಲಿದೆ."

"ಬಿಚ್ಚಿದ ಮೇಲೆ ಅದನ್ನ ನಾನು ಏನು ಮಾಡ್ಲಿ, ಎಫೆಂದಿ?"

"ಮನೆಗೆ ತಗೊಂಡು ಹೋಗು."

"ಇಟ್ಟವಳು ಬಂದು ಮೊದಲು ಗಂಟು ನೋಡ್ತಾಳೆ. ಒಳಗಿರೋದನ್ನ ಆಮೇಲೆ ನೋಡ್ತಾಳೆ."

ಅವಳು ತಗ್ಗಿದ ದನಿಯಲ್ಲಿ ಹೇಳಲಿಲ್ಲ. ಇಟ್ಟವಳು ಎಂಬ ಮಾತು ಕಂಬದ ತನಕ ಹೋಯಿತು, ಅಳಿಯ ನೆಟ್ಟಗೆ ನಿಂತ. ವಸೀಲಾ ಅವನ ಕಡೆ ತಿರುಗಿ, ಅವನು ಕಣ್ಣು ಕೆಳಗೆ ಹಾಕುವ ತನಕ ನೋಡಿದಳು. ಒಲೆ ಅಗೆದ ಕೈ ಯಾವುದೆಂದು ಅವಳಿಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.

ಎಫೆಂದಿ ಬೆನ್ನು ನೆಟ್ಟಗೆ ಮಾಡಿ ಎಲ್ಲರನ್ನೂ ಕೇಳಿದ, ಯಾರದಾದರೂ ತಕರಾರಿದೆಯೇ ಎಂದು.

ಹತ್ತಿ ದಲ್ಲಾಳಿ ಶಲಬಿ ಕೈ ಎತ್ತಿದ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು. ಹಾಗಾಗಿ ಎಲ್ಲರಿಗಿಂತ ಮುಂದೆ ನಿಲ್ಲುವ ಹಕ್ಕು ತನ್ನದು ಎಂದುಕೊಂಡಿದ್ದ.

"ನನ್ನದಿದೆ. ನಮ್ಮ ಹೊಟ್ಟೆಗೆ ಬೆಂಕಿ ಬಿದ್ದಿದೆ, ಈ ಮುದುಕಿ ಒಗಟು ಹಾಕ್ತಾ ಕೂತಿದ್ದಾಳೆ. ತಂದವಳಿಗೇ ಏನಿದೆ ಅಂತ ಗೊತ್ತಿಲ್ಲವಂತೆ. ಏನಮ್ಮಾ, ಬಾತುಕೋಳಿ ಮೊಟ್ಟೆ ಇಟ್ಟಿದ್ದೀಯಾ ಅದರಲ್ಲಿ? ಬಿಚ್ಚಿ ಎಫೆಂದಿ. ನಮ್ಮ ಪಾಲು ನಮಗೆ ಬರಲಿ."

ಮತ್ತೆ ನಗು. ವಸೀಲಾಳ ಮನೆಯ ಅಕ್ಕಿಯ ಮಡಕೆಯೊಳಗೆ ಒಂದು ಹಳದಿ ಬಟ್ಟೆಯ ಗಂಟು ಕೂತು ನಾಲ್ಕು ವರ್ಷವಾಗಿತ್ತು. ಅದನ್ನು ತಂದಿಟ್ಟವಳು ಈ ಶಲಬಿಯ ಹೆಂಡತಿ. ಅಷ್ಟು ಹೇಳಿದ್ದರೆ ಅವನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಆದರೆ ವಸೀಲಾ ಕಪ್ಪು ಮೇಲುಹೊದಿಕೆಯನ್ನು ಹಣೆಗೆ ಎಳೆದುಕೊಂಡು, ಎಫೆಂದಿಯ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅವಳನ್ನು ಅಲ್ಲಿಂದ ಸರಿಸುವವನು ಮೊದಲು ಅವಳ ಬೆರಳು ಬಿಡಿಸಬೇಕು, ಹಾಗೆ.

ಬಾಗಿಲ ಹತ್ತಿರ ಹೆಂಗಸರು ಗುಂಪಾಗಿ ನಿಂತಿದ್ದರು. ಅಲ್ಲಿಂದ ಒಂದು ದನಿ ಬಂತು, ಜೋರಾಗೇನೂ ಅಲ್ಲ.

"ನನ್ನದೂ ಅವಳ ಹತ್ರ ಇದೆ."

ಶಲಬಿ ತಿರುಗಲಿಲ್ಲ. ಮೂವತ್ತು ವರ್ಷ ಕೇಳಿದ ದನಿಯನ್ನು ಗುರುತಿಸಲು ತಿರುಗಬೇಕಾಗಿರಲಿಲ್ಲ.

"ಏನು ನಿನ್ನದು, ಬಹಿಯಾ?" ಎಂದ, ಎಫೆಂದಿಯ ಮುಖ ನೋಡುತ್ತಲೇ.

"ಕಾಲಿನ ಕಡಗ. ನನ್ನ ತಂಗಿ ಮದುವೇಲಿ ಕಳೆದುಹೋಯ್ತು ಅಂದೆನಲ್ಲ, ಅದು." ಬಹಿಯಾ ಹೆಂಗಸರ ನಡುವಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಮುಸುಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. "ಆ ವರ್ಷ ನೀವು ನನ್ನ ಬಳೆ ಮಾರಿ ಹತ್ತಿ ಕೊಂಡ್ರಿ. ಕಡಗವನ್ನೂ ಕೇಳ್ತೀರಿ ಅಂತ ಗೊತ್ತಿತ್ತು. ಬಟ್ಟೇಲಿ ಕಟ್ಟಿ ವಸೀಲಾಗೆ ಕೊಟ್ಟೆ. ಅದರಲ್ಲಿ ಕಡಗ ಇದೆ ಅಂತ ಅವಳಿಗೆ ಈಗ, ನಿಮ್ಮ ಜೊತೇಲೇ ಗೊತ್ತಾಯ್ತು."

ನಾಲ್ಕು ವರ್ಷ ಶಲಬಿ ಆ ಕಡಗದ ಕಳ್ಳನನ್ನು ಶಪಿಸಿದ್ದು, ಬಹಿಯಾಳ ತಂಗಿಯ ಗಂಡನ ಕಡೆಯವರ ಮೇಲೆ ಅನುಮಾನಪಟ್ಟು ಅವರ ಮನೆಗೆ ಕಾಲಿಡುವುದನ್ನೇ ಬಿಟ್ಟದ್ದು ಊರಿಗೆಲ್ಲ ಗೊತ್ತಿತ್ತು.

"ಬ್ಯಾಂಕಲ್ಲಿ ಇಟ್ಟಿದ್ದರೆ ಅದೂ ಹೋಗ್ತಿತ್ತು," ಎಂದಳು ಬಹಿಯಾ. "ಅವಳ ಹತ್ರ ಇತ್ತು, ಇದೆ. ಈಗ ಅವಳ ಕೈಯಿಂದ ಒಂದು ಗಂಟು ಬಿಚ್ಚಿಸಿದ್ರೆ, ನಾಳೆ ನಾವು ಎಲ್ಲಿ ಇಡೋದು?"

ಕ್ಷೌರಿಕ ಬಯ್ಯೂಮಿ ಗಂಟಲು ಸರಿಮಾಡಿಕೊಂಡು, ತನ್ನ ತಾಯಿಯದೂ ಒಂದು ಇದೆ ಎಂದ. ಬಾಗಿಲಲ್ಲಿ ಇನ್ನೊಬ್ಬಳು ಏನೂ ಹೇಳದೆ ಕೈ ಎತ್ತಿದಳು. ಅವಳ ಅತ್ತೆ ಪಕ್ಕದಲ್ಲೇ ನಿಂತಿದ್ದಳು, ಸೊಸೆಯ ಎತ್ತಿದ ಕೈಯನ್ನು ನೋಡಿ, ಸ್ವಲ್ಪ ಯೋಚಿಸಿ, ತನ್ನದನ್ನೂ ಎತ್ತಿದಳು. ಈ ಸಲದ ನಗು ಬೇರೆ ಥರದ್ದು.

ನಖ್ಲಾ ಎಫೆಂದಿ ಶಲಬಿಯನ್ನು ಕೇಳಿದ, ತಕರಾರು ಹಾಗೇ ಇದೆಯೇ ಎಂದು. ಶಲಬಿಯ ಕೆಂಪು ಟೋಪಿಯ ಕುಚ್ಚು ಅಲ್ಲಾಡುತ್ತಿತ್ತು. ಅವನು ಸುತ್ತ ಒಮ್ಮೆ ನೋಡಿದ. ನಾಳೆ ಹತ್ತಿ ಕೊಳ್ಳಬೇಕಾದದ್ದು ಇವರ ಹತ್ತಿರವೇ.

"ತಗೊಂಡು ಸಾಯಲಿ," ಎಂದ. "ಇಷ್ಟೊತ್ತಿಗೆ ಮೊಟ್ಟೆ ಮರಿಯಾಗಿರುತ್ತೆ."

ವಸೀಲಾ ಮೇಜಿನಿಂದ ಕೈ ತೆಗೆದಳು. ಗಂಟನ್ನು ಎತ್ತಿಕೊಂಡು, ಕಂಬದ ಪಕ್ಕದಿಂದಲೇ, ಅಳಿಯನ ತೋಳಿಗೆ ತಾಗುವಷ್ಟು ಹತ್ತಿರದಿಂದ ಹಾದು ಹೊರಗೆ ಬಂದಳು. ಹೆಂಗಸರು ಅವಳ ಹಿಂದೆ ಹೊರಟರು. ಯಾರೂ ಕರೆದಿರಲಿಲ್ಲ. ಓಣಿಯ ತನಕ ಬಂದು, ಅವಳ ಮನೆಯ ಎದುರಿನ, ಅಕ್ಕಪಕ್ಕದ ಹೊಸ್ತಿಲುಗಳ ಮೇಲೆ ಕೂತು, ಬಟಾಣಿ ಸುಲಿಯಲು ಶುರುಮಾಡಿದರು. ಇನ್ನು ಒಲೆ ಅಗೆಯುವವರು ಇಷ್ಟು ಕಣ್ಣು ದಾಟಿ ಬರಬೇಕಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಶಲಬಿ ಬಂದ. ಹೊಸ್ತಿಲ ಮೇಲೆ ಕೂತಿದ್ದ ವಸೀಲಾ ಏಳಲಿಲ್ಲ. ನೀಲಿ ಅಂಚಿನ ಗಂಟು ಅವಳ ಮಡಿಲಲ್ಲಿತ್ತು, ಅವಳು ಉಗುರಿನಿಂದ ಅರಗು ಕೀಳುತ್ತಿದ್ದಳು.

"ನನ್ನ ಹೆಂಡತಿ ಗಂಟು ಕೊಡು."

"ಇಟ್ಟವಳು ಬಂದು ಕೇಳಲಿ."

"ನಾನು ಅವಳ ಗಂಡ."

"ಗೊತ್ತಪ್ಪ. ಮದುವೆಗೆ ನಾನೂ ಬಂದಿದ್ದೆ."

ಎದುರು ಹೊಸ್ತಿಲಲ್ಲಿ ಬಹಿಯಾ ತಲೆ ಎತ್ತದೆ ಬಟಾಣಿ ಸುಲಿಯುತ್ತಿದ್ದಳು. ಶಲಬಿ ಅವಳನ್ನು ನೋಡಿದ, ವಸೀಲಾಳನ್ನು ನೋಡಿದ, ಊಟಕ್ಕೆ ಏನು ಮಾಡಿದ್ದೀಯ ಎಂದು ಹೆಂಡತಿಯನ್ನು ಕೇಳಿದ. ಬಟಾಣಿ ಎಂದಳು ಅವಳು. ಅವನು ಹೊರಟುಹೋದ.

ಅರಗಿನ ಚೂರುಗಳು ಕಾಲ ಬುಡದಲ್ಲಿ ಬೀಳುತ್ತಿದ್ದವು. ಒಂದು ಬಾತುಕೋಳಿ ಬಂದು ಒಂದನ್ನು ಕೊಕ್ಕಿನಲ್ಲಿ ಎತ್ತಿ, ತಲೆ ಒದರಿ ಉಗಿದು ಹೋಯಿತು. ಕೊನೆಯ ಚೂರು ಎದ್ದಾಗ ಗಂಟಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಒಂದು ಕೂದಲು ಕಾಣಿಸಿತು, ಮದರಂಗಿ ಹಚ್ಚಿದ ಕೆಂಚು ಬಣ್ಣದ್ದು, ಜನ್ನೂಬಾಳದು. ವಸೀಲಾ ಅದನ್ನು ಎಳೆಯಲಿಲ್ಲ. ಮೇಲಿನ ಧೂಳನ್ನು ಬಾಯಲ್ಲಿ ಊದಿ, ಗಂಟನ್ನು ಒಳಗೆ ಒಯ್ದು ಅಕ್ಕಿಯ ಮಡಕೆಯಲ್ಲಿ ಹಳದಿ ಗಂಟಿನ ಪಕ್ಕಕ್ಕಿಟ್ಟು, ಎರಡೂ ಮುಚ್ಚುವಂತೆ ಕೈಯಿಂದ ಅಕ್ಕಿ ಎಳೆದಳು.