ಮಗುವಿನ ಮೆದುಳಿನ ಚಿತ್ರ

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಪ್ರತಿಭಾಳ ಹೊಟ್ಟೆಯಲ್ಲಿದ್ದ ಮಗುವಿನ ಕೈಕಾಲು ತೋರಿಸುವಾಗ ಮಾತಾಡುತ್ತಲೇ ಇದ್ದರು. ತಲೆಯ ಹತ್ತಿರ ಬಂದಾಗ ಮಾತು ಬಿಟ್ಟು ಅಳೆಯತೊಡಗಿದರು.

"ಮೆದುಳಿನೊಳಗೆ ನೀರಿರೋ ಜಾಗ ಸ್ವಲ್ಪ ದೊಡ್ಡದಾಗಿ ಕಾಣ್ತಿದೆ. ಎಷ್ಟೋ ಸಲ ತಾನಾಗೇ ಸರಿಹೋಗುತ್ತೆ. ಮುಂದಿನ ತಿಂಗಳು ಮತ್ತೆ ನೋಡೋಣ."

ಬೇರೆ ಯಾರಾದರೂ ಆ ಮಾತನ್ನು ನಂಬಿ ಮನೆಗೆ ಹೋಗುತ್ತಿದ್ದರೇನೋ. ಪ್ರತಿಭಾ ಹಾಸನದ ಪ್ರಯೋಗಾಲಯವೊಂದರಲ್ಲಿ ವರ್ಷಗಟ್ಟಲೆ ಮೀನಿನ ಭ್ರೂಣಗಳ ಮೆದುಳು ನೋಡಿದವಳು. ಜೀವಕೋಶದಲ್ಲಿ ಪುಟ್ಟ ಆರ್‌ಎನ್‌ಎ ತುಣುಕುಗಳಿರುತ್ತವೆ. ಯಾವ ಜೀನ್ ಯಾವಾಗ ಸುಮ್ಮನಾಗಬೇಕೆಂದು ನೋಡಿಕೊಳ್ಳುವುದು ಅವುಗಳ ಕೆಲಸ. ಅವು ತಯಾರಾಗದಂತೆ ತಡೆದರೆ ಮೀನಿನ ಮೆದುಳು ಸರಿಯಾದ ಆಕಾರಕ್ಕೇ ಬರುತ್ತಿರಲಿಲ್ಲ. ಅಂಥ ಭ್ರೂಣಗಳನ್ನು ಅವಳೇ ಕೈಯಾರೆ ಮಾಡಿ, ಫೋಟೊ ತೆಗೆದು, ಚೆಲ್ಲಿದ್ದಳು.

ಮರುದಿನ ಮೈಕ್ರೋಸ್ಕೋಪಿಗೆ ಕಣ್ಣಿಡಲು ಆಗಲಿಲ್ಲ. ವಿಷಯವನ್ನು ಗಂಡ ಗೌರೀಶಂಕರನಿಗೂ ಹೇಳಲಿಲ್ಲ.

ಒಂದು ಭಾನುವಾರ ಗಂಡನ ಊರು ಕಟ್ಟಾಯದ ಮನೆಯ ಜಗಲಿಯಲ್ಲಿ ಅತ್ತೆ ಶಿವಗಂಗಮ್ಮ ಕುಲಾವಿ ಹೊಲಿಯುತ್ತಿದ್ದರು. "ತಲೆ ಎಷ್ಟು ದಪ್ಪ ಇರ್ತದೋ ಏನೋ, ವಸಿ ಸಡಿಲವಾಗೇ ಒಲೀತೀನಿ," ಎಂದರು.

ಪ್ರತಿಭಾ ಬಿಕ್ಕಿದಳು. ಎಲ್ಲ ಹೇಳಿದಳು. "ಆ ಮೀನುಗಳಿಗೆ ಮಾಡಿದ್ದು ನನ್ನ ಮಗೂಗೆ ತಟ್ಟೋದಿಲ್ಲ ಅಂತ ಗೊತ್ತು ಅತ್ತೆ. ಆದ್ರೂ ಕಣ್ಣು ಮುಚ್ಚಿದ್ರೆ ಅವೇ ಬರ್ತವೆ."

ಶಿವಗಂಗಮ್ಮನ ಸೂಜಿ ನಿಂತಿತು. ಸಮಾಧಾನ ಹೇಳುತ್ತಾರೆಂದುಕೊಂಡರೆ ಅವರ ಮುಖವೇ ಬಿಳಿಚಿಕೊಂಡಿತ್ತು.

"ನಂಗೂ ಭಯ ಆಯ್ತದೆ ಕಣವ್ವ. ಆದ್ರೆ ಇಷ್ಟು ದಿನ ಒಬ್ಳೇ ಯಾಕೆ ನುಂಗ್ಕೊಂಡಿದ್ದೆ? ಮುಂದಿನ ಸ್ಕ್ಯಾನಿಗೆ ನಾನೂ ಬತ್ತೀನಿ."

ಆ ದಿನ ಸ್ಕ್ಯಾನ್ ಕೋಣೆಯಲ್ಲಿ ಶಿವಗಂಗಮ್ಮ ಸೊಸೆಯ ಪಾದ ಹಿಡಿದು ನಿಂತರು. ಡಾಕ್ಟರ್ ಅಳೆದರು, ಅಳಿಸಿ ಮತ್ತೆ ಅಳೆದರು. ಪ್ರತಿಭಾ ಪರದೆ ನೋಡದೆ ಗೋಡೆಯ ಕಡೆ ತಿರುಗಿದ್ದಳು.

"ನೀರಿರೋ ಜಾಗ ಹೆಚ್ಚಾಗಿಲ್ಲ. ಕಮ್ಮಿಯೇ ಆಗಿದೆ."

"ಅಂಗಂದ್ರೆ ಮಗು ಉಸಾರಾಗೈತಾ ಸಾ?" ಶಿವಗಂಗಮ್ಮ ಕೇಳಿದರು.

"ಈಗ ಕಾಣೋ ಮಟ್ಟಿಗೆ ಚೆನ್ನಾಗಿದೆಯಮ್ಮ. ಹುಟ್ಟಿದ ಮೇಲೂ ಒಂದ್ಸಲ ನೋಡೋಣ."

ಈಗ ಕಾಣುವ ಮಟ್ಟಿಗೆ. ಅದಕ್ಕಿಂತ ಹೆಚ್ಚು ಯಾರೂ ಹೇಳಲಾರರು ಎಂಬುದು ಪ್ರತಿಭಾಳಿಗೆ ಗೊತ್ತಿತ್ತು. ಭಯ ಪೂರ್ತಿ ಹೋಗಲಿಲ್ಲ. ಆದರೆ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಹೊಟ್ಟೆ ಹಸಿದದ್ದು ತಿಳಿಯಿತು. ಕಟ್ಟಾಯದ ಬಸ್ಸು ಬಂದರೂ ಹತ್ತಲಿಲ್ಲ. ಅತ್ತೆ ಸೊಸೆ ಎದುರಿನ ಹೋಟೆಲಿಗೆ ಹೋಗಿ ಕೂತರು. ಇಡ್ಲಿ ಬರುವ ಮೊದಲೇ ಅವಳು ಗೌರೀಶಂಕರನಿಗೆ ಫೋನ್ ಮಾಡಿ, ಮೊದಲಿನಿಂದ ಹೇಳತೊಡಗಿದಳು.